ಯುವಿಗೆ ಜಗ್ಗದ ಸೈಕ್ಲೋಹೆಕ್ಸೇನ್ ಗಾಮಾಗೆ ಯಾಕೆ ಒಡೆಯುತ್ತೆ? ಬೆಂಜೀನ್ ಯಾಕೆ ಉಲ್ಟಾ?

ಪ್ರಶ್ನೆ: ಎಂಎಸ್ಸಿ ಕೆಮಿಸ್ಟ್ರಿ ಓದ್ತಿದೀನಿ. ಸೈಕ್ಲೋಹೆಕ್ಸೇನ್‌ಗೆ 254 ನ್ಯಾನೋಮೀಟರ್ ಯುವಿ ಲ್ಯಾಂಪ್ ಹಾಕಿದ್ರೆ ಏನೂ ಆಗಲ್ಲ, ಬೆಂಜೀನ್‌ಗೆ ಹಾಕಿದ್ರೆ ಅಲ್ಪಸ್ವಲ್ಪ ಬದಲಾಗುತ್ತೆ. ಅದೇ ಕೋಬಾಲ್ಟ್-60 ಗಾಮಾ ಕೊಟ್ರೆ ಸೈಕ್ಲೋಹೆಕ್ಸೇನ್‌ನಿಂದ ಹೈಡ್ರೋಜನ್ ಬರುತ್ತೆ, ಬೆಂಜೀನ್ ಮಾತ್ರ ಗಟ್ಟಿಯಾಗಿ ಕೂತಿರುತ್ತೆ. ಎರಡೂ ಆರು ಕಾರ್ಬನ್ನಿನ ರಿಂಗೇ, ಬೆಳಕು ಗಾಮಾ ಎರಡೂ ಫೋಟಾನೇ, ಮತ್ತೆ ಯಾಕೆ ಹೀಗೆ ಉಲ್ಟಾ? ಇನ್ನೊಂದು, ಗಾಮಾ ಕೊಟ್ಟ ಸ್ಯಾಂಪಲ್ ರೇಡಿಯೋಆಕ್ಟಿವ್ ಆಗಿಬಿಡುತ್ತಾ, ಮುಟ್ಟಬಹುದಾ?

ಉತ್ತರ:

ತುಂಬಾ ಒಳ್ಳೆ ಪ್ರಶ್ನೆ ಕೇಳಿದೀರ, ಯಾಕಂದ್ರೆ ಫೋಟೋಕೆಮಿಸ್ಟ್ರಿ ಮತ್ತೆ ರೇಡಿಯೇಷನ್ ಕೆಮಿಸ್ಟ್ರಿ ಎರಡನ್ನೂ ಬೇರೆ ಬೇರೆ ಚಾಪ್ಟರ್ ಅಂತ ಓದಿಬಿಟ್ರೆ ಈ ಉಲ್ಟಾ ಕಣ್ಣಿಗೇ ಬೀಳಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಕಾಣೋದು. ಮೊದಲು ಚಿಕ್ಕ ಉತ್ತರ ಹೇಳಿಬಿಡ್ತೀನಿ: ಬೆಳಕಿನ ವಿಷಯದಲ್ಲಿ ಯಾವ ಮಾಲಿಕ್ಯೂಲ್ ಎನರ್ಜಿ ತಗೊಳ್ಳುತ್ತೆ ಅನ್ನೋದನ್ನ ಮಾಲಿಕ್ಯೂಲೇ ತೀರ್ಮಾನ ಮಾಡುತ್ತೆ, ಗಾಮಾ ವಿಷಯದಲ್ಲಿ ಆ ಆಯ್ಕೆನೇ ಇಲ್ಲ, ಎನರ್ಜಿ ಎಲ್ಲರ ಮೇಲೂ ಬೀಳುತ್ತೆ, ಆಮೇಲೆ ಅದು ಮಾಲಿಕ್ಯೂಲ್ ಒಳಗೆ ಎಲ್ಲಿ ಹೋಗಿ ನಿಲ್ಲುತ್ತೆ ಅನ್ನೋದ್ರ ಮೇಲೆ ಒಡೆಯೋದು ಬಿಡೋದು ನಿಂತಿರುತ್ತೆ. ಎಷ್ಟು ಎನರ್ಜಿ ಕೊಟ್ವಿ ಅನ್ನೋದಕ್ಕಿಂತ ಎಲ್ಲಿ ನಿಲ್ತು ಅನ್ನೋದೇ ಇಲ್ಲಿ ಮುಖ್ಯ.

ಈಗ ಬೆಳಕಿನಿಂದ ಶುರು ಮಾಡೋಣ. 254 ನ್ಯಾನೋಮೀಟರ್ ಅಂದ್ರೆ ಲೋ ಪ್ರೆಷರ್ ಮರ್ಕ್ಯುರಿ ಲ್ಯಾಂಪಿನ ಮುಖ್ಯ ಲೈನು, ಒಂದೊಂದು ಫೋಟಾನ್‌ಗೆ 4.88 ಎಲೆಕ್ಟ್ರಾನ್ ವೋಲ್ಟ್, ಮೋಲ್ ಲೆಕ್ಕಕ್ಕೆ ತಂದ್ರೆ ಸುಮಾರು 471 ಕಿಲೋಜೂಲ್. ಸೈಕ್ಲೋಹೆಕ್ಸೇನ್‌ನ ಒಂದು ಸಿ-ಎಚ್ ಬಾಂಡ್ ಮುರಿಯೋಕೆ ಬೇಕಾಗಿರೋದು ಸುಮಾರು 416 ಕಿಲೋಜೂಲ್. ಅಂದ್ರೆ ಲೆಕ್ಕದ ಪ್ರಕಾರ ಎನರ್ಜಿ ಸಾಕು, ಮಿಕ್ಕುತ್ತೆ ಕೂಡ. ಆದ್ರೂ ಏನೂ ಆಗಲ್ಲ. ಬಹಳಷ್ಟು ಸ್ಟೂಡೆಂಟ್ಸ್ ಎಡವೋದು ಇಲ್ಲೇ, ಬಾಂಡ್ ಎನರ್ಜಿ ಟೇಬಲ್ ತೆಗೆದು ಫೋಟಾನ್ ಎನರ್ಜಿ ಜೊತೆ ಹೋಲಿಸಿ "ಮುರಿಯಬೇಕಲ್ಲ" ಅಂತಾರೆ. ಬೆಳಕು ಕೆಲಸ ಮಾಡಬೇಕಂದ್ರೆ ಮೊದಲು ಅದನ್ನ ಮಾಲಿಕ್ಯೂಲ್ ಹೀರಿಕೊಳ್ಳಬೇಕು, ಇದೇ ಗ್ರೊಥಸ್-ಡ್ರೇಪರ್ ನಿಯಮ. ಸೈಕ್ಲೋಹೆಕ್ಸೇನ್‌ನಲ್ಲಿ ಇರೋದೆಲ್ಲ ಸಿಗ್ಮಾ ಬಾಂಡ್, ಅಂದ್ರೆ ಎರಡು ಆಟಮ್ ನಡುವೆ ಗಟ್ಟಿಯಾಗಿ ಕೂತ ಸಿಂಗಲ್ ಬಾಂಡ್, ಅದರ ಮೊದಲನೇ ಎಕ್ಸೈಟೆಡ್ ಸ್ಟೇಟ್ (ಎನರ್ಜಿ ತಗೊಂಡು ಏರಿ ನಿಲ್ಲೋ ಮೊದಲ ಮೆಟ್ಟಿಲು) ಇರೋದು ಸುಮಾರು 7 ಎಲೆಕ್ಟ್ರಾನ್ ವೋಲ್ಟ್ ಮೇಲೆ. 4.88ರ ಫೋಟಾನ್ ಬಂದ್ರೆ ಅದಕ್ಕೆ ಕಾಲಿಡೋಕೆ ಅಲ್ಲಿ ಮೆಟ್ಟಿಲೇ ಇಲ್ಲ, ಹಾಗೇ ದಾಟಿಕೊಂಡು ಆಚೆ ಹೋಗುತ್ತೆ. ಸುಮಾರು 200 ನ್ಯಾನೋಮೀಟರ್‌ವರೆಗೂ ಸೈಕ್ಲೋಹೆಕ್ಸೇನ್ ಪಾರದರ್ಶಕ, ಅದಕ್ಕೇ ಯುವಿ ಸ್ಪೆಕ್ಟ್ರಮ್ ತೆಗೆಯುವಾಗ ಅದನ್ನ ಸಾಲ್ವೆಂಟ್ ಆಗಿ ಬಳಸೋದು, ನಿಮ್ಮ ಲ್ಯಾಬಲ್ಲೂ ಬಳಸಿರ್ತೀರ.

ಅದೇ ಸೈಕ್ಲೋಹೆಕ್ಸೇನ್‌ಗೆ ವ್ಯಾಕ್ಯೂಮ್ ಯುವಿ ಕೊಟ್ಟು ನೋಡಿ, ಉದಾಹರಣೆಗೆ ಕ್ಸೆನಾನ್ ಲ್ಯಾಂಪಿನ 147 ನ್ಯಾನೋಮೀಟರ್, ಅಂದ್ರೆ 8.4 ಎಲೆಕ್ಟ್ರಾನ್ ವೋಲ್ಟ್. ಆಗ ಹೀರಿಕೊಳ್ಳುತ್ತೆ, ಒಡೆಯುತ್ತೆ ಕೂಡ, ಮುಖ್ಯವಾಗಿ ಒಂದು ಹೈಡ್ರೋಜನ್ ಮಾಲಿಕ್ಯೂಲನ್ನ ಒಂದೇ ಸಲಕ್ಕೆ ಕಳಚಿ ಸೈಕ್ಲೋಹೆಕ್ಸೀನ್ (ಒಂದು ಡಬಲ್ ಬಾಂಡ್ ಇರೋ ರಿಂಗ್) ಆಗುತ್ತೆ. ಹಾಗಾಗಿ ಸೈಕ್ಲೋಹೆಕ್ಸೇನ್ ಬೆಳಕಿಗೆ ಜಗ್ಗಲ್ಲ ಅನ್ನೋದು ಪೂರ್ತಿ ಸರಿ ಅಲ್ಲ, ನಿಮ್ಮ ಲ್ಯಾಂಪಿನ ಬೆಳಕಿಗೆ ಜಗ್ಗಲ್ಲ ಅಷ್ಟೆ.

ಬೆಂಜೀನ್ ಕಥೆ ಬೇರೆ. ಅದರಲ್ಲಿ ಪೈ ಎಲೆಕ್ಟ್ರಾನ್ ಇವೆ, ಅಂದ್ರೆ ರಿಂಗಿನ ಮೇಲೂ ಕೆಳಗೂ ಹರಡಿಕೊಂಡಿರೋ ಎಲೆಕ್ಟ್ರಾನ್, ಮೊದಲನೇ ಎಕ್ಸೈಟೆಡ್ ಸ್ಟೇಟ್ ಸುಮಾರು 4.8 ಎಲೆಕ್ಟ್ರಾನ್ ವೋಲ್ಟಲ್ಲೇ ಸಿಗುತ್ತೆ, ಮರ್ಕ್ಯುರಿ ಲೈನು ಸರಿಯಾಗಿ ಅಲ್ಲಿಗೇ ಬಂದು ಬೀಳುತ್ತೆ. ಹೀರಿಕೊಂಡ ಮೇಲೆ ಏನಾಗುತ್ತೆ? ಬಹುಪಾಲು ಏನೂ ಆಗಲ್ಲ, ಸ್ವಲ್ಪ ಫ್ಲೋರೋಸೆನ್ಸ್ ಆಗಿ ವಾಪಸ್ ಬರುತ್ತೆ, ಸ್ವಲ್ಪ ಟ್ರಿಪ್ಲೆಟ್ ಅನ್ನೋ ಇನ್ನೂ ಕೆಳಗಿನ ಎಕ್ಸೈಟೆಡ್ ಸ್ಟೇಟ್‌ಗೆ ಹೋಗುತ್ತೆ, ಉಳಿದದ್ದು ಶಾಖವಾಗಿ ಹೋಗುತ್ತೆ. ತುಂಬಾ ಕಮ್ಮಿ ಪ್ರಮಾಣದಲ್ಲಿ ಮಾತ್ರ ರಿಂಗಿನ ಕಾರ್ಬನ್‌ಗಳು ಅಡ್ಡಡ್ಡ ಕೈ ಹಿಡ್ಕೊಂಡು ಬೆಂಜ್‌ವ್ಯಾಲೀನ್ ಅನ್ನೋ ತಿರುಚಿಕೊಂಡ ಐಸೋಮರ್ ಆಗುತ್ತೆ, ಜೊತೆಗೆ ಫಲ್ವೀನ್. 200 ನ್ಯಾನೋಮೀಟರ್ ಹತ್ತಿರ, ಅಂದ್ರೆ ಎರಡನೇ ಎಕ್ಸೈಟೆಡ್ ಸ್ಟೇಟ್‌ಗೆ ಏರಿಸಿದ್ರೆ, ಡೀವಾರ್ ಬೆಂಜೀನ್ ಕೂಡ ಸಿಗುತ್ತೆ. ಇದು ನನಗೆ ಈಗಲೂ ಅದ್ಭುತ ಅನ್ಸುತ್ತೆ: ಆರು ಕಾರ್ಬನ್, ಆರು ಹೈಡ್ರೋಜನ್, ಒಂದೂ ಕಳೆದುಹೋಗಿಲ್ಲ, ಬರೀ ಯಾರು ಯಾರ ಜೊತೆ ಸೇರಿದಾರೆ ಅನ್ನೋದು ಬದಲಾಗಿದೆ, ಅದೂ ಯಾವ ತರಂಗಾಂತರದ ಬೆಳಕು ಕೊಟ್ವಿ ಅನ್ನೋದ್ರ ಮೇಲೆ ಬೇರೆ ಬೇರೆ ಥರ. ಬರೀ ಬಿಸಿ ಮಾಡಿದ್ರೆ ಈ ಐಸೋಮರ್‌ಗಳು ಸಿಗಲ್ಲ, ಅವೆಲ್ಲ ಬೆಂಜೀನ್‌ಗಿಂತ ಎಷ್ಟೋ ಜಾಸ್ತಿ ಎನರ್ಜಿ ಇರೋವು, ಬಿಸಿ ಮಾಡಿದ್ರೆ ವಾಪಸ್ ಬೆಂಜೀನೇ ಆಗ್ತವೆ.

ಈಗ ಗಾಮಾಗೆ ಬರೋಣ. ಕೋಬಾಲ್ಟ್-60ರ ಗಾಮಾ ಫೋಟಾನ್‌ಗಳು 1.17 ಮತ್ತೆ 1.33 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ನಿಮ್ಮ ಯುವಿ ಫೋಟಾನ್‌ಗಿಂತ ಸುಮಾರು ಎರಡೂವರೆ ಲಕ್ಷ ಪಟ್ಟು. ಇಷ್ಟು ದೊಡ್ಡ ಫೋಟಾನ್‌ಗೆ ಸಿಗ್ಮಾನೋ ಪೈನೋ ಅನ್ನೋದು ಲೆಕ್ಕಕ್ಕೇ ಇಲ್ಲ, ಅದಕ್ಕೆ ಕಾಣೋದು ಬರೀ ಎಲೆಕ್ಟ್ರಾನು. ಕಾಂಪ್ಟನ್ ಸ್ಕ್ಯಾಟರಿಂಗ್‌ನಲ್ಲಿ ಒಂದು ಎಲೆಕ್ಟ್ರಾನನ್ನ ಒದ್ದು ಓಡಿಸುತ್ತೆ, ಸರಾಸರಿ ಅರ್ಧ ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿ ಎನರ್ಜಿ ಕೊಟ್ಟು. ಇಲ್ಲಿಂದ ಮುಂದೆ ಕೆಮಿಸ್ಟ್ರಿ ಎಲ್ಲ ಮಾಡೋದು ಆ ಎಲೆಕ್ಟ್ರಾನೇ, ಗಾಮಾ ಅಲ್ಲ. ಅದು ದ್ರವದೊಳಗೆ ಓಡ್ತಾ ದಾರಿಯಲ್ಲಿ ಸಿಕ್ಕಿದ ಮಾಲಿಕ್ಯೂಲ್‌ಗಳನ್ನ ಅಯಾನೈಸ್ ಮಾಡ್ತಾ, ಎಕ್ಸೈಟ್ ಮಾಡ್ತಾ ಹೋಗುತ್ತೆ, ನಿಲ್ಲೋ ಹೊತ್ತಿಗೆ ಸಾವಿರಾರು ಮಾಲಿಕ್ಯೂಲ್‌ಗಳಿಗೆ ಎನರ್ಜಿ ಹಂಚಿರುತ್ತೆ. ಆದ್ರಿಂದ "ಎರಡೂ ಫೋಟಾನೇ" ಅನ್ನೋ ನಿಮ್ಮ ಮಾತು ಸರಿನೇ, ಆದ್ರೆ ಒಂದು ಕಡೆ ಒಂದು ಫೋಟಾನ್ ಒಂದು ಮಾಲಿಕ್ಯೂಲ್, ಇನ್ನೊಂದು ಕಡೆ ಒಂದು ಫೋಟಾನಿಗೆ ಸಾವಿರಾರು.

ಸೈಕ್ಲೋಹೆಕ್ಸೇನ್ ಒಳಗೆ ಆಗೋದು ಹೀಗೆ. ಎಲೆಕ್ಟ್ರಾನ್ ಕಳ್ಕೊಂಡ ಪಾಸಿಟಿವ್ ಅಯಾನ್ ಒಂದು, ಹೊರಗೆ ಬಿದ್ದ ಎಲೆಕ್ಟ್ರಾನ್ ಒಂದು. ನೀರಿನ ಥರ ಪೋಲಾರ್ ದ್ರವ ಆಗಿದ್ರೆ ಇವೆರಡರ ನಡುವಿನ ಎಳೆತ ಕಮ್ಮಿ ಆಗ್ತಿತ್ತು, ಇದು ನಾನ್‌ಪೋಲಾರ್, ಹಾಗಾಗಿ ಬಹುತೇಕ ಎಲ್ಲಾ ಎಲೆಕ್ಟ್ರಾನ್‌ಗಳೂ ತಮ್ಮ ಅಯಾನ್ ಹತ್ತಿರಕ್ಕೇ ವಾಪಸ್ ಬಂದು ಸೇರ್ಕೊಳ್ತವೆ, ಸ್ವತಂತ್ರವಾಗಿ ತಪ್ಪಿಸಿಕೊಂಡು ಹೋಗೋದು ಕೆಲವೇ ಶೇಕಡ. ಹೀಗೆ ಸೇರಿದಾಗ ಎಕ್ಸೈಟೆಡ್ ಸೈಕ್ಲೋಹೆಕ್ಸೇನ್ ಹುಟ್ಟುತ್ತೆ, ಅದು ಹೆಚ್ಚು ಕಮ್ಮಿ ಒಂದು ನ್ಯಾನೋಸೆಕೆಂಡ್ ಬದುಕುತ್ತೆ, ಆಮೇಲೆ ಒಂದೋ ಹೈಡ್ರೋಜನ್ ಮಾಲಿಕ್ಯೂಲ್ ಬಿಟ್ಟು ಸೈಕ್ಲೋಹೆಕ್ಸೀನ್ ಆಗುತ್ತೆ, ಇಲ್ಲಾಂದ್ರೆ ಒಂದು ಹೈಡ್ರೋಜನ್ ಆಟಮ್ ಕಳಚಿ ಸೈಕ್ಲೋಹೆಕ್ಸಿಲ್ ರಾಡಿಕಲ್ (ಜೋಡಿ ಇಲ್ಲದ ಎಲೆಕ್ಟ್ರಾನ್ ಇರೋ ತುಣುಕು) ಆಗುತ್ತೆ. ಆ ಆಟಮ್ ಪಕ್ಕದ ಸೈಕ್ಲೋಹೆಕ್ಸೇನ್‌ನಿಂದ ಇನ್ನೊಂದು ಹೈಡ್ರೋಜನ್ ಕಿತ್ಕೊಂಡು ತಾನು ಗ್ಯಾಸ್ ಆಗಿ ಹೋಗುತ್ತೆ, ಇನ್ನೊಂದು ರಾಡಿಕಲ್ ಉಳಿಯುತ್ತೆ. ಎರಡು ಸೈಕ್ಲೋಹೆಕ್ಸಿಲ್ ರಾಡಿಕಲ್ ಎದುರಾದ್ರೆ ಎರಡು ದಾರಿ: ಕೂಡಿಕೊಂಡು ಬೈಸೈಕ್ಲೋಹೆಕ್ಸಿಲ್ ಆಗೋದು, ಇಲ್ಲಾ ಒಂದರಿಂದ ಇನ್ನೊಂದಕ್ಕೆ ಹೈಡ್ರೋಜನ್ ದಾಟಿ ಒಂದು ಸೈಕ್ಲೋಹೆಕ್ಸೀನ್ ಒಂದು ಸೈಕ್ಲೋಹೆಕ್ಸೇನ್ ಆಗೋದು. ಗ್ಯಾಸ್ ಕ್ರೊಮಟೋಗ್ರಾಫ್ ಹಾಕಿ ನೋಡಿದ್ರೆ ಈ ಮೂರೇ ದೊಡ್ಡ ಪ್ರಾಡಕ್ಟ್ ಸಿಗೋದು, ಹೈಡ್ರೋಜನ್, ಸೈಕ್ಲೋಹೆಕ್ಸೀನ್, ಬೈಸೈಕ್ಲೋಹೆಕ್ಸಿಲ್. ಗಮನಿಸಿ, ರಿಂಗ್ ಬಹುತೇಕ ಹಾಗೇ ಉಳಿದಿದೆ, ರಿಂಗ್ ಒಡೆದು ಬರೋ ಹೆಕ್ಸೀನ್ ಥರದವು ತುಂಬಾ ಕಮ್ಮಿ. ಅದೇ ಸೈಕ್ಲೋಪ್ರೊಪೇನ್ ಸೈಕ್ಲೋಬ್ಯುಟೇನ್ ಥರ ಒತ್ತಡ ಇರೋ ಚಿಕ್ಕ ರಿಂಗ್ ಆದ್ರೆ ಮಾತು ಬೇರೆ, ಅಲ್ಲಿ ರಿಂಗೇ ಬಿಚ್ಚಿಕೊಳ್ಳುತ್ತೆ.

ಇದಕ್ಕೆ ಅಳತೆ ಜಿ ವ್ಯಾಲ್ಯೂ, ಅಂದ್ರೆ 100 ಎಲೆಕ್ಟ್ರಾನ್ ವೋಲ್ಟ್ ಹೀರಿಕೊಂಡಾಗ ಎಷ್ಟು ಮಾಲಿಕ್ಯೂಲ್ ಹುಟ್ತವೆ ಅನ್ನೋದು. ಹೈಡ್ರೋಜನ್‌ಗೆ ಸೈಕ್ಲೋಹೆಕ್ಸೇನ್‌ನಲ್ಲಿ ಸುಮಾರು 5.6, ಬೆಂಜೀನ್‌ನಲ್ಲಿ ಸುಮಾರು 0.04. ನೂರಾ ನಲವತ್ತು ಪಟ್ಟು ವ್ಯತ್ಯಾಸ! ಇದನ್ನ ಕಣ್ಣಿಗೆ ಕಾಣೋ ಹಾಗೆ ಮಾಡೋಣ. ಒಂದು ಕೆಜಿ ಸೈಕ್ಲೋಹೆಕ್ಸೇನ್‌ಗೆ 1 ಕಿಲೋಗ್ರೇ ಡೋಸ್ ಕೊಟ್ರಿ ಅಂದ್ಕೊಳಿ, ಅಂದ್ರೆ 1000 ಜೂಲ್. ಜಿ ವ್ಯಾಲ್ಯೂ 1 ಅಂದ್ರೆ ಒಂದು ಜೂಲ್‌ಗೆ 0.1036 ಮೈಕ್ರೋಮೋಲ್, ಹಾಗಾಗಿ 5.6ಕ್ಕೆ 0.58 ಮೈಕ್ರೋಮೋಲ್, ಸಾವಿರ ಜೂಲ್‌ಗೆ 0.58 ಮಿಲಿಮೋಲ್, ರೂಮ್ ಟೆಂಪರೇಚರಲ್ಲಿ ಸುಮಾರು 14 ಮಿಲಿಲೀಟರ್ ಹೈಡ್ರೋಜನ್ ಗ್ಯಾಸ್. ಅದೇ ಬೆಂಜೀನ್ ಆದ್ರೆ 0.1 ಮಿಲಿಲೀಟರ್. ಅಷ್ಟು ಎನರ್ಜಿಗೆ ಸೈಕ್ಲೋಹೆಕ್ಸೇನ್ ಬಿಸಿ ಆಗೋದು ಎಷ್ಟು ಗೊತ್ತಾ, ಅರ್ಧ ಡಿಗ್ರಿ ಸೆಲ್ಸಿಯಸ್ ಅಷ್ಟೇ. ಅರ್ಧ ಡಿಗ್ರಿ ಬಿಸಿ ಮಾಡೋ ಎನರ್ಜಿಯಲ್ಲಿ ಬಾಂಡ್ ಮುರಿದು 14 ಮಿಲಿಲೀಟರ್ ಗ್ಯಾಸ್ ಬರುತ್ತೆ ಅಂದ್ರೆ, ಎನರ್ಜಿ ಎಲ್ಲರಿಗೂ ಸಮವಾಗಿ ಹಂಚಿಹೋಗದೆ ಕೆಲವೇ ಮಾಲಿಕ್ಯೂಲ್‌ಗಳ ಮೇಲೆ ಗುಡ್ಡೆಯಾಗಿ ಬಿದ್ದಿದೆ ಅಂತ ಅರ್ಥ.

ಹಾಗಿದ್ರೆ ಬೆಂಜೀನ್ ಮೇಲೂ ಅಷ್ಟೇ ಎನರ್ಜಿ ಬೀಳುತ್ತಲ್ಲ, ಅದ್ಯಾಕೆ ಒಡೆಯಲ್ಲ? ನಿಮ್ಮ ಪ್ರಶ್ನೆಯ ತಿರುಳು ಇದೇ. ಬೆಂಜೀನ್‌ಗೂ ಅಯಾನ್ ಆಗುತ್ತೆ, ಎಕ್ಸೈಟೆಡ್ ಸ್ಟೇಟ್ ಆಗುತ್ತೆ, 7 ಎಲೆಕ್ಟ್ರಾನ್ ವೋಲ್ಟ್ ಇರೋ ಸ್ಟೇಟ್‌ಗಳೂ ಆಗ್ತವೆ. ಆದ್ರೆ ಅದಕ್ಕೆ ಕೆಳಗೆ ಇಳಿಯೋಕೆ ಪೈ ಎಲೆಕ್ಟ್ರಾನಿನ ಸ್ಟೇಟ್‌ಗಳು ಒಂದರ ಕೆಳಗೊಂದು ಇವೆ, ಬಾಂಡ್ ಮುರಿಯೋಕೆ ಮುಂಚೆನೇ ಎನರ್ಜಿ ಸರಸರ ಕೆಳಗಿಳಿದು 4.8ರ ಸಿಂಗ್ಲೆಟ್‌ಗೋ (ಮೇಲೆ ಹೇಳಿದ ಮೊದಲನೇ ಎಕ್ಸೈಟೆಡ್ ಸ್ಟೇಟ್) 3.66ರ ಟ್ರಿಪ್ಲೆಟ್‌ಗೋ ಬಂದು ಕೂರುತ್ತೆ, ಹೆಚ್ಚಾದ ಭಾಗ ಕಂಪನವಾಗಿ ಅಕ್ಕಪಕ್ಕಕ್ಕೆ ಹೋಗಿಬಿಡುತ್ತೆ. ಬೆಂಜೀನ್‌ನ ಸಿ-ಎಚ್ ಬಾಂಡೋ ಸುಮಾರು 470 ಕಿಲೋಜೂಲ್, ಸೈಕ್ಲೋಹೆಕ್ಸೇನ್‌ಗಿಂತ ಗಟ್ಟಿ. ಆ ಕೆಳಗಿನ ಸ್ಟೇಟಲ್ಲಿ ಕೂತ ಎನರ್ಜಿಗೆ ಅದನ್ನ ಮುರಿಯೋ ತಾಕತ್ತು ಇರಲ್ಲ. ಸೈಕ್ಲೋಹೆಕ್ಸೇನ್‌ಗೆ ಈ ಸೌಕರ್ಯ ಇಲ್ಲ, 7 ಎಲೆಕ್ಟ್ರಾನ್ ವೋಲ್ಟಲ್ಲಿ ಕೂತ್ರೆ ಕೆಳಗೆ ಮಧ್ಯದಲ್ಲಿ ಎಲ್ಲೂ ನಿಲ್ಲೋ ಜಾಗ ಇಲ್ಲ, ಬಾಂಡ್ ಬಿಚ್ಚಿಕೊಳ್ಳೋದೇ ಅದಕ್ಕಿರೋ ಸುಲಭದ ದಾರಿ. ನೋಡಿ, ಯುವಿಯಲ್ಲಿ ಸೈಕ್ಲೋಹೆಕ್ಸೇನನ್ನ ಕಾಪಾಡಿದ್ದೂ ಕೆಳಗಿನ ಸ್ಟೇಟ್ ಇಲ್ಲದಿರೋದೇ, ಗಾಮಾದಲ್ಲಿ ಅದನ್ನ ಕೆಡವಿದ್ದೂ ಅದೇ. ಬೆಂಜೀನ್‌ನಲ್ಲಿ ಯುವಿ ಹೀರಿಕೊಳ್ಳೋ ಹಾಗೆ ಮಾಡಿದ್ದೂ ಪೈ ಎಲೆಕ್ಟ್ರಾನು, ಗಾಮಾದಿಂದ ಉಳಿಸಿದ್ದೂ ಪೈ ಎಲೆಕ್ಟ್ರಾನು. ನಿಮಗೆ ಉಲ್ಟಾ ಅಂತ ಕಂಡಿದ್ದು ಒಂದೇ ಕಾರಣದ ಎರಡು ಮುಖ.

ಆದ್ರೆ ಒಂದು ತಿದ್ದುಪಡಿ, ಬೆಂಜೀನ್ ಪೂರ್ತಿ ಗಟ್ಟಿ ಅಂತ ಬರೀಬೇಡಿ. ಗ್ಯಾಸ್ ಅಷ್ಟಾಗಿ ಬರಲ್ಲ, ಆದ್ರೆ ಬೈಫೀನೈಲ್, ಅದಕ್ಕಿಂತ ದೊಡ್ಡ ಅಂಟಂಟು ಪಾಲಿಮರ್ ಥರದ ವಸ್ತು ನಿಧಾನಕ್ಕೆ ಹುಟ್ತಾ ಇರುತ್ತೆ, 100 ಎಲೆಕ್ಟ್ರಾನ್ ವೋಲ್ಟ್‌ಗೆ ಹೆಚ್ಚು ಕಮ್ಮಿ ಒಂದು ಬೆಂಜೀನ್ ಮಾಲಿಕ್ಯೂಲ್ ಹೀಗೆ ಖರ್ಚಾಗುತ್ತೆ. ಬರೀ ಗ್ಯಾಸ್ ಅಳೆದು ತೀರ್ಮಾನ ಮಾಡಿದ್ರೆ ಇದು ಕೈತಪ್ಪಿ ಹೋಗುತ್ತೆ. ಹಾಗೇ ಗಾಮಾ ಬದಲು ಆಲ್ಫಾ ಕಣ ಹೊಡೆದ್ರೆ ಬೆಂಜೀನ್‌ನಿಂದ ಹೈಡ್ರೋಜನ್ ಜಾಸ್ತಿ ಬರುತ್ತೆ, ಯಾಕಂದ್ರೆ ಆಲ್ಫಾ ಹೋದ ದಾರಿಯಲ್ಲಿ ಎಕ್ಸೈಟೆಡ್ ಮಾಲಿಕ್ಯೂಲ್‌ಗಳು ಒತ್ತೊತ್ತಾಗಿ ಹುಟ್ಟಿರ್ತವೆ, ತಣ್ಣಗಾಗೋಕೆ ಮುಂಚೆನೇ ಒಂದಕ್ಕೊಂದು ಡಿಕ್ಕಿ ಹೊಡೆದು ಎರಡರ ಎನರ್ಜಿ ಒಂದರಲ್ಲಿ ಸೇರಿಬಿಡುತ್ತೆ.

ಈಗ ಇದರ ಅತಿ ಚಂದದ ಪುರಾವೆ ಹೇಳ್ತೀನಿ, ಅವಕಾಶ ಸಿಕ್ಕಿದ್ರೆ ಪ್ರಾಜೆಕ್ಟಲ್ಲಿ ಮಾಡಿ ನೋಡಿ. ಸೈಕ್ಲೋಹೆಕ್ಸೇನ್‌ಗೆ ಸ್ವಲ್ಪವೇ ಸ್ವಲ್ಪ, ಕೆಲವು ಪರ್ಸೆಂಟ್ ಬೆಂಜೀನ್ ಬೆರೆಸಿ ಗಾಮಾ ಕೊಡಿ. ಸೈಕ್ಲೋಹೆಕ್ಸೇನ್ ಎಷ್ಟು ಕಮ್ಮಿ ಆಯ್ತೋ ಅಷ್ಟೇ ಹೈಡ್ರೋಜನ್ ಕಮ್ಮಿ ಆಗಬೇಕಿತ್ತು, ಆದ್ರೆ ಅದಕ್ಕಿಂತ ಎಷ್ಟೋ ಜಾಸ್ತಿ ಕುಸಿಯುತ್ತೆ. ಅಂದ್ರೆ ಸೈಕ್ಲೋಹೆಕ್ಸೇನ್ ಮೇಲೆ ಬಿದ್ದ ಎನರ್ಜಿಯನ್ನ ಬೆಂಜೀನ್ ತನ್ನ ಕಡೆ ಎಳ್ಕೊಂಡು ಅದನ್ನ ಕಾಪಾಡ್ತಾ ಇದೆ. ಎಳ್ಕೊಳ್ಳೋ ದಾರಿ ಒಂದೇ ಅಲ್ಲ. ಎಕ್ಸೈಟೆಡ್ ಸೈಕ್ಲೋಹೆಕ್ಸೇನ್‌ನಿಂದ ಎಕ್ಸೈಟೇಷನ್ ಬೆಂಜೀನ್‌ಗೆ ದಾಟುತ್ತೆ, 7ರಿಂದ 4.8ಕ್ಕೆ ಇಳಿಜಾರು ತಾನೇ. ಸೈಕ್ಲೋಹೆಕ್ಸೇನ್ ಅಯಾನ್ ಬೆಂಜೀನ್‌ನಿಂದ ಎಲೆಕ್ಟ್ರಾನ್ ಕಿತ್ಕೊಳ್ಳುತ್ತೆ, ಸೈಕ್ಲೋಹೆಕ್ಸೇನ್‌ನ ಅಯಾನೈಸೇಷನ್ ಎನರ್ಜಿ 9.88, ಬೆಂಜೀನ್‌ದು 9.24, ಹಾಗಾಗಿ ಪಾಸಿಟಿವ್ ಚಾರ್ಜ್ ಬೆಂಜೀನ್ ಮೇಲೆ ಹೋಗಿ ಕೂರುತ್ತೆ. ಅದೂ ತಪ್ಪಿಸಿಕೊಂಡು ಹುಟ್ಟಿದ ಹೈಡ್ರೋಜನ್ ಆಟಮ್‌ನ ಬೆಂಜೀನ್ ರಿಂಗೇ ಹಿಡ್ಕೊಂಡು ಸೈಕ್ಲೋಹೆಕ್ಸಾಡೈಯೀನಿಲ್ ರಾಡಿಕಲ್ ಆಗುತ್ತೆ, ಆ ಆಟಮ್ ಇನ್ನು ಗ್ಯಾಸ್ ಆಗೋ ಮಾತೇ ಇಲ್ಲ.

ಈ ಗುಣವನ್ನ ಜನ ನಿಜವಾಗ್ಲೂ ಬಳಸಿದಾರೆ. ರಿಯಾಕ್ಟರ್ ಒಳಗೆ ನೀರಿನ ಬದಲು ಆರ್ಗಾನಿಕ್ ದ್ರವ ಕೂಲೆಂಟ್ ಆಗಿ ಹಾಕೋಣ ಅಂತ ಯೋಚನೆ ಬಂದಾಗ ಆರಿಸಿಕೊಂಡಿದ್ದು ಟರ್ಫೀನೈಲ್‌ಗಳನ್ನ, ಅಂದ್ರೆ ಮೂರು ಬೆಂಜೀನ್ ರಿಂಗ್ ಸಾಲಾಗಿ ಸೇರಿದ್ದು. ಅಮೆರಿಕದ ಇಡಾಹೋದಲ್ಲಿ 1957ರಿಂದ ಒಂದು ಪ್ರಯೋಗ ರಿಯಾಕ್ಟರ್, ಓಹಾಯೋದ ಪಿಕ್ವಾದಲ್ಲಿ ಒಂದು, ಕೆನಡಾದಲ್ಲಿ ಡಬ್ಲ್ಯೂಆರ್-1 ಅಂತ 1965ರಿಂದ 1985ರವರೆಗೆ ನಡೀತು. ಅಲ್ಲೂ ನಿಧಾನಕ್ಕೆ ಅಂಟು ಪಾಲಿಮರ್ ಆಗೋ ತಲೆನೋವು ಇದ್ದೇ ಇತ್ತು, ಆದ್ರೆ ಸೈಕ್ಲೋಹೆಕ್ಸೇನ್ ಥರದ್ದನ್ನ ಹಾಕಿದ್ರೆ ಗ್ಯಾಸ್ ಒತ್ತಡಕ್ಕೇ ಕೆಲಸ ನಿಂತುಹೋಗ್ತಿತ್ತು. ಲಿಕ್ವಿಡ್ ಸಿಂಟಿಲೇಟರ್‌ಗೆ (ರೇಡಿಯೇಷನ್ ಬಿದ್ರೆ ಬೆಳಕು ಕೊಡೋ ದ್ರವ) ಟಾಲ್ವೀನ್, ಸ್ಯೂಡೋಕ್ಯುಮೀನ್ ಥರ ಬೆಂಜೀನ್ ರಿಂಗ್ ಇರೋ ಸಾಲ್ವೆಂಟೇ ಆರಿಸೋದೂ ಇದಕ್ಕೇ, ಎನರ್ಜಿ ಬಾಂಡ್ ಮುರಿಯೋಕೆ ಖರ್ಚಾಗದೆ ಎಕ್ಸೈಟೆಡ್ ಸ್ಟೇಟಾಗಿ ಉಳಿದ್ರೆ ತಾನೇ ಅದನ್ನ ಬೆಳಕಾಗಿ ಹೊರಗೆ ತೆಗೆಯೋಕೆ ಆಗೋದು.

ಮತ್ತೆ ಬೆಳಕಿಗೆ ಒಂದು ಸುತ್ತು ವಾಪಸ್ ಬರ್ತೀನಿ, ಯಾಕಂದ್ರೆ ಬೆಳಕಿನ ನಿಜವಾದ ಶಕ್ತಿ ಕಾಣೋದು ಬೆಂಜೀನ್‌ನಲ್ಲಲ್ಲ, 1,3-ಸೈಕ್ಲೋಹೆಕ್ಸಾಡೈಯೀನ್‌ನಲ್ಲಿ. ಅದೇ ಆರು ಕಾರ್ಬನ್ ರಿಂಗು, ಎರಡು ಡಬಲ್ ಬಾಂಡ್. 260 ನ್ಯಾನೋಮೀಟರ್ ಹತ್ತಿರದ ಯುವಿ ಬಿದ್ರೆ ಸುಮಾರು 200 ಫೆಮ್ಟೋಸೆಕೆಂಡ್ ಒಳಗೆ, ಅಂದ್ರೆ ಸೆಕೆಂಡಿನ ಲಕ್ಷ ಕೋಟಿ ಭಾಗದಲ್ಲಿ ಒಂದು ಭಾಗದ ಐದನೇ ಒಂದರಷ್ಟು ಹೊತ್ತಲ್ಲಿ, ರಿಂಗ್ ಬಿಚ್ಚಿಕೊಂಡು ಹೆಕ್ಸಾಟ್ರೈಯೀನ್ ಆಗುತ್ತೆ, ಬಿಚ್ಚುವಾಗ ಎರಡು ತುದಿಗಳೂ ಒಂದೇ ದಿಕ್ಕಿಗೆ ತಿರುಗ್ತವೆ. ಶಾಖದಲ್ಲಿ ಇದೇ ಜೋಡಿಯ ರಿಯಾಕ್ಷನ್ ನಡೆದ್ರೆ ತುದಿಗಳು ಎದುರುಬದುರು ತಿರುಗ್ತವೆ. ಯಾಕೆ ಹೀಗೆ ಅಂತ 1965ರಲ್ಲಿ ವುಡ್‌ವರ್ಡ್ ಮತ್ತೆ ಹಾಫ್‌ಮನ್ ಆರ್ಬಿಟಲ್ ಸಿಮೆಟ್ರಿಯಿಂದ ವಿವರಿಸಿದ್ರು, 1981ರಲ್ಲಿ ಹಾಫ್‌ಮನ್ ಮತ್ತೆ ಫುಕುಯಿಗೆ ನೊಬೆಲ್ ಬಂತು, ವುಡ್‌ವರ್ಡ್ ಅಷ್ಟೊತ್ತಿಗೆ ತೀರಿಕೊಂಡಿದ್ರು. ನಮ್ಮ ಚರ್ಮದಲ್ಲಿ ವಿಟಮಿನ್ ಡಿ ಆಗೋ ಮೊದಲ ಹೆಜ್ಜೆನೂ ಇದೇ, 7-ಡಿಹೈಡ್ರೋಕೊಲೆಸ್ಟರಾಲ್‌ನ ಒಂದು ರಿಂಗ್ ಇದೇ ಸೈಕ್ಲೋಹೆಕ್ಸಾಡೈಯೀನ್, ಬಿಸಿಲಿನ ಯುವಿ-ಬಿ ಬಿದ್ದು ಅದು ಬಿಚ್ಚಿಕೊಳ್ಳುತ್ತೆ, ಆಮೇಲಿನ ಹೆಜ್ಜೆ ಮೈ ಶಾಖದಲ್ಲಿ ತಾನಾಗೇ ಆಗುತ್ತೆ. ಇಷ್ಟು ನಿಖರವಾದ ಕೆಲಸ ಗಾಮಾದಿಂದ ಮಾಡಿಸೋಕೆ ಆಗಲ್ಲ.

ಇನ್ನು ಸೈಕ್ಲೋಹೆಕ್ಸೇನ್‌ನ ಸಾಮಾನ್ಯ ಬೆಳಕಿಂದ ಬದಲಾಯಿಸೋಕೇ ಆಗಲ್ವಾ ಅಂದ್ರೆ, ಆಗುತ್ತೆ, ಬೆಳಕನ್ನ ಬೇರೆಯವರ ಕೈಲಿ ಹೀರಿಸಬೇಕು. ಕ್ಲೋರಿನ್ ಬೆರೆಸಿದ್ರೆ ಅದರ ಬಾಂಡ್ ಬರೀ 243 ಕಿಲೋಜೂಲ್, ನೀಲಿ ಬೆಳಕಿಗೇ ಒಡೆಯುತ್ತೆ, ಆ ಕ್ಲೋರಿನ್ ಆಟಮ್ ಸೈಕ್ಲೋಹೆಕ್ಸೇನ್‌ನ ಹೈಡ್ರೋಜನ್ ಕಿತ್ತು ಚೈನ್ ರಿಯಾಕ್ಷನ್ ಶುರು ಮಾಡುತ್ತೆ. ನೈಟ್ರೋಸಿಲ್ ಕ್ಲೋರೈಡ್ ಬೆರೆಸಿ ಬೆಳಕು ಕೊಟ್ರೆ ಸೈಕ್ಲೋಹೆಕ್ಸಾನೋನ್ ಆಕ್ಸೀಮ್ ಸಿಗುತ್ತೆ, ಅದರಿಂದ ಕ್ಯಾಪ್ರೋಲ್ಯಾಕ್ಟಮ್, ಅದರಿಂದ ನೈಲಾನ್-6, ಜಪಾನಿನ ಟೋರೇ ಕಂಪನಿ ಇದನ್ನ ಫ್ಯಾಕ್ಟರಿ ಮಟ್ಟದಲ್ಲೇ ಮಾಡಿ ತೋರಿಸಿತು. ಬೆಂಜೀನ್ ಕೂಡ ಹಾಗೇ, ಅದನ್ನ ಕಂಡುಹಿಡಿದ 1825ರಲ್ಲೇ ಫ್ಯಾರಡೆ ಕ್ಲೋರಿನ್ ಬೆರೆಸಿ ಬಿಸಿಲಲ್ಲಿಟ್ಟು ಹೆಕ್ಸಾಕ್ಲೋರೋಸೈಕ್ಲೋಹೆಕ್ಸೇನ್ ಮಾಡಿದ್ರು, ಅದರ ಒಂದು ಐಸೋಮರೇ ಆಮೇಲೆ ಲಿಂಡೇನ್ ಅನ್ನೋ ಕೀಟನಾಶಕ ಆಗಿದ್ದು, 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಪರಿಸರದಲ್ಲಿ ಬಹುಕಾಲ ಉಳಿಯೋ ವಿಷಕಾರಿ ಕೆಮಿಕಲ್‌ಗಳನ್ನ ತಡೆಯೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿದ್ದು. ನೆಲಕ್ಕೆ ಬರೋ ಬಿಸಿಲಲ್ಲಿ 290 ನ್ಯಾನೋಮೀಟರ್‌ಗಿಂತ ಕೆಳಗಿನದು ಓಝೋನ್ ಪದರದಿಂದಾಗಿ ಹೆಚ್ಚು ಕಮ್ಮಿ ಇರೋದೇ ಇಲ್ಲ, ಹಾಗಾಗಿ ಬೆಂಜೀನ್ ಅದನ್ನ ನೇರವಾಗಿ ಹೀರೋದಿಲ್ಲ, ಅಲ್ಲಿ ಕೆಲಸ ಮಾಡಿದ್ದು ಕ್ಲೋರಿನ್ನೇ.

ಕೊನೇ ಪ್ರಶ್ನೆ, ಸ್ಯಾಂಪಲ್ ರೇಡಿಯೋಆಕ್ಟಿವ್ ಆಗುತ್ತಾ? ಇಲ್ಲ. ನ್ಯೂಕ್ಲಿಯಸ್ಸಿಂದ ನ್ಯೂಟ್ರಾನ್ ಕಿತ್ತು ಹಾಕೋಕೆ ಗಾಮಾಗೆ ಒಂದು ಕನಿಷ್ಠ ಎನರ್ಜಿ ಬೇಕು, ಕಾರ್ಬನ್-12ಕ್ಕೆ 18.7 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಕಾರ್ಬನ್-13ಕ್ಕೆ ಸುಮಾರು 5, ಈ ಸ್ಯಾಂಪಲ್‌ಗಳಲ್ಲಿ ತೀರಾ ಸುಲಭ ಅಂದ್ರೂ ಡ್ಯೂಟೀರಿಯಮ್‌ಗೆ (ಭಾರದ ಹೈಡ್ರೋಜನ್) 2.2. ಕೋಬಾಲ್ಟ್-60ರದ್ದು 1.33ಕ್ಕೇ ಮುಗೀತು. ಹೊರಗೆ ತೆಗೆದ ಮೇಲೆ ಅದು ಮಾಮೂಲಿ ಕೆಮಿಕಲ್ಲೇ. ನೀವು ಹುಷಾರಾಗಿರಬೇಕಾದ್ದು ಬೇರೆ ಎರಡಕ್ಕೆ. ಒಂದು, ಮುಚ್ಚಿದ ಗಾಜಿನ ಆಂಪ್ಯೂಲಲ್ಲಿ ಸೈಕ್ಲೋಹೆಕ್ಸೇನ್‌ಗೆ ದೊಡ್ಡ ಡೋಸ್ ಕೊಡೋದಾದ್ರೆ ಮೇಲೆ ಖಾಲಿ ಜಾಗ ಬಿಡಿ, ಮೇಲಿನ ಲೆಕ್ಕದಲ್ಲೇ ಡೋಸ್ 100 ಕಿಲೋಗ್ರೇ ಹಾಕಿ ನೋಡಿ, ಕೆಜಿಗೆ ಒಂದು ಲೀಟರ್‌ಗೂ ಜಾಸ್ತಿ ಹೈಡ್ರೋಜನ್, ತೆರೆಯುವಾಗ ಹತ್ತಿರದಲ್ಲಿ ಬೆಂಕಿ ಕಿಡಿ ಇರಬಾರದು. ಇನ್ನೊಂದು, ಡೋಸ್ ಕೊಡೋಕೆ ಮುಂಚೆ ಕರಗಿರೋ ಆಕ್ಸಿಜನ್ ತೆಗೀರಿ, ಇಲ್ಲಾಂದ್ರೆ ಸೈಕ್ಲೋಹೆಕ್ಸಿಲ್ ರಾಡಿಕಲ್‌ನ ಅದು ಮೊದಲೇ ಹಿಡ್ಕೊಂಡು ಪೆರಾಕ್ಸಿಲ್ ಮಾಡಿ ಸೈಕ್ಲೋಹೆಕ್ಸಾನಾಲ್, ಸೈಕ್ಲೋಹೆಕ್ಸಾನೋನ್ ಕೊಡುತ್ತೆ, ಬೈಸೈಕ್ಲೋಹೆಕ್ಸಿಲ್ ಕಮ್ಮಿ ಕಾಣುತ್ತೆ, ನೀವು ಬೆಂಜೀನ್ ಬೆರೆಸಿ ಹೋಲಿಕೆ ಮಾಡೋವಾಗ ಬೆಂಜೀನ್‌ನಿಂದ ಎಷ್ಟು ಕಮ್ಮಿ ಆಯ್ತು, ಆಕ್ಸಿಜನ್‌ನಿಂದ ಎಷ್ಟು ಅಂತ ಬೇರೆ ಮಾಡೋಕೇ ಆಗಲ್ಲ. ಫ್ರೀಜ್-ಪಂಪ್-ಥಾ (ಹೆಪ್ಪುಗಟ್ಟಿಸಿ, ಪಂಪಿಂದ ಗ್ಯಾಸ್ ಎಳೆದು, ಮತ್ತೆ ಕರಗಿಸೋದು) ಮೂರ್ನಾಲ್ಕು ಸಲ ಮಾಡಿ ಸೀಲ್ ಮಾಡಿದ್ರೆ ಸಾಕು.